ಗೊತ್ತು ಎನ್ನುವ ಭಾನುವಾರ

ಮೈಕಿನ ಮೇಜು ಗುರ್ ಎನ್ನುತ್ತ ಕೆಳಗಿಳಿಯುತ್ತಿದೆ, ಮಗುವಿಗಾಗಿ, ನಾಲ್ಕು ವರ್ಷದ್ದಿರಬೇಕು, ಅದರ ತಾಯಿ ಬಗ್ಗಿ ಕಿವಿಯಲ್ಲಿ ಉಸುರುತ್ತಾಳೆ, ಮಗು ಒಪ್ಪಿಸುತ್ತದೆ — ನಮ್ಮ ಪುಸ್ತಕ ಸತ್ಯ ಅಂತ ನನಗೆ ಗೊತ್ತು — ಇಡೀ ಸಭೆಗೆ ನಗುಮುಖ, ಓರಿನ್‌ನ ಹೊಟ್ಟೆ ಚುರ್ ಎನ್ನುತ್ತದೆ, ತಿಂಗಳ ಮೊದಲ ಭಾನುವಾರ, ಉಪವಾಸವಿದ್ದು ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವ ದಿನ, ನಿನ್ನೆ ಮಧ್ಯಾಹ್ನದಿಂದ ನೀರೂ ಇಲ್ಲ, ಅವನೂ ಕಲಿತದ್ದು ಹೀಗೇ, ಅಮ್ಮನ ಉಪವಾಸದ ಬಾಯಿವಾಸನೆ ಕಿವಿಗೆ ಬಡಿಯುತ್ತಿತ್ತು, ಆಗ ನಿಜವಾಗಿ ಗೊತ್ತಿದ್ದದ್ದು ಮನೆಯ ಒಲೆಯಲ್ಲಿ ಮಾಂಸ ಬೇಯುತ್ತಿದೆ ಎನ್ನುವುದೊಂದೇ. ಪಕ್ಕದಿಂದ ಮಾರ್ಲಿಸ್ ತಿವಿಯುತ್ತಾಳೆ, ಏಯ್, ಏಳೋ, ನಿಮ್ಮಮ್ಮ ಎರಡು ಸಲ ತಿರುಗಿ ನೋಡಿದ್ರು. ಇಬ್ಬರ ಮದುವೆಗೆ ಹತ್ತೊಂಬತ್ತು ದಿನ, ದೇವಾಲಯದ ಒಳಗೇ ಆಗಬೇಕಾದ ಮದುವೆ, ಒಳಗೆ ಕಾಲಿಡಲು ಬಿಷಪ್ ಸಹಿ ಹಾಕಿದ ಚೀಟಿ ಬೇಕು, ಬಿಷಪ್ ಎಂದರೆ ವಾರವೆಲ್ಲ ಟೈರ್ ಅಂಗಡಿಯಲ್ಲಿರುವ ಹೋಲ್ಡನ್, ಸಭೆ ಮುಗಿದ್ಮೇಲೆ ಬಾ ಮಾರಾಯ, ನಾಲ್ಕು ಪ್ರಶ್ನೆ, ಎಲ್ಲದಕ್ಕೂ ಹೂಂ ಅಂದ್ರೆ ಐದು ನಿಮಿಷ, ಹೂಂ ಎನ್ನದಿದ್ದರೆ ಚೀಟಿಯಿಲ್ಲ, ಚೀಟಿಯಿಲ್ಲದ ಮದುವೆ ಬೇಡ ಎಂದು ಮಾರ್ಲಿಸ್ ಹೋದ ವಾರವೇ ನೇರವಾಗಿ ಹೇಳಿದ್ದಾಳೆ, ಅವಳ ತಪ್ಪೂ ಅಲ್ಲ.

ಎರಡು ವರ್ಷ ಇದೇ ಮಾತನ್ನು ಬಾಗಿಲಿಂದ ಬಾಗಿಲಿಗೆ ಹೊತ್ತವನು ಓರಿನ್, ಧರ್ಮಪ್ರಚಾರಕ್ಕೆ ಹೋದ ಮಿಶಿಗನ್‌ನ ಚಳಿಯಲ್ಲಿ, ಬಿಳಿ ಅಂಗಿ, ಎದೆಗೆ ಹೆಸರಿನ ಪಟ್ಟಿ, ಬೈಬಲ್ಲಿನ ಮೇಲೆ ದೇವರು ಕೊಟ್ಟ ಪುಸ್ತಕ ಇದು, ಓದಿ ನೋಡಿ, ದೇವರನ್ನೇ ಕೇಳಿ, ಎದೆ ಬೆಚ್ಚಗಾದರೆ ನಿಜ — ಸೋಫಾ ಹೊಲಿಯುವ ಮುನೀಫ್, ಐದು ಹೊತ್ತು ನಮಾಜು ಮಾಡುವ ಲೆಬನಾನಿನ ಮುದುಕ, ಪುಸ್ತಕ ಚಾಚಿದರೆ ತಾಳು ಎಂದು ನಲ್ಲಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದ. ತಿಂಗಳಾದ ಮೇಲೆ, ಪೂರ್ತಿ ಓದ್ದೆ ಮಗಾ, ಬೆಚ್ಚಗೂ ಆಯ್ತು, ಆದ್ರೆ ನಮ್ಮದು ಓದಿದ್ರೂ ಐವತ್ತು ವರ್ಷದಿಂದ ಹಿಂಗೇ ಆಗ್ತಿದೆ, ಈಗ ನಿನ್ನ ಸರದಿ, ಹೆದರ್ಕೋಬೇಡ, ಪುಸ್ತಕ ಕಚ್ಚಲ್ಲ. ಓರಿನ್ ಓದಿದ, ಜೊತೆಗೆ ಪ್ರಚಾರಕ್ಕೆ ಬಂದವನಿಗೆ ಗೊತ್ತಾಗದಂತೆ ಬಚ್ಚಲಲ್ಲಿ ಕೂತು, ಏನೂ ಆಗದು ಎಂಬ ಧೈರ್ಯದಲ್ಲಿ. ಆಯಿತು. ಅದೇ ಜಾಗ, ಎಡ ಪಕ್ಕೆಲುಬಿನ ಕೆಳಗೆ, ಬಿಸಿ ಸಾರು ಕುಡಿದ ಹಾಗೆ. ಅವನು ಶಿಲುಬೆಯ ಮೇಲೆ ಸತ್ತ ಎನ್ನುತ್ತದೆ ನಮ್ಮದು, ಸಾಯಲಿಲ್ಲ ಎನ್ನುತ್ತದೆ ಅವರದು, ಒಬ್ಬ ಮನುಷ್ಯ ಸತ್ತಿರಬೇಕು, ಇಲ್ಲ ಸತ್ತಿರಬಾರದು, ಎದೆ ಮಾತ್ರ ಎರಡಕ್ಕೂ ಬೆಚ್ಚಗಾಗುತ್ತದೆ, ಎಲ್ಲರ ಬಾಯಲ್ಲೂ ನೂರಾ ಎರಡು ತೋರಿಸುವ ಥರ್ಮಾಮೀಟರನ್ನು ಏನು ಮಾಡುವುದು — ನಮ್ಮಲ್ಲಿ ಪುಸ್ತಕದ ಮೂಲವನ್ನು ಕಣ್ಣಾರೆ ಕಂಡ ಸಾಕ್ಷಿಗಳಿದ್ದಾರೆ, ಅವರಲ್ಲಿ ಅಕ್ಷರ ಬಿಡದೆ ಬಾಯಿಪಾಠ ಮಾಡಿದವರಿದ್ದಾರೆ, ಇಬ್ಬರೂ ಹಳೆಯ ಪುಸ್ತಕ, ಆ ಬೈಬಲ್ಲು, ಕೈಯಿಂದ ಕೈಗೆ ಬಂದು ಕೆಟ್ಟಿತ್ತು ಎಂದೇ ಶುರುಮಾಡುತ್ತಾರೆ — ಅಪ್ಪನನ್ನು ಕೇಳಿದ್ದಕ್ಕೆ, ಇಂಥದ್ದನ್ನೆಲ್ಲ ಅಟ್ಟಕ್ಕೆ ಹಾಕ್ಬೇಕಪ್ಪ, ನಂದೂ ಇದೆ ಅಲ್ಲಿ ಬೇಕಾದಷ್ಟು, ಎಂದು ಟ್ರ್ಯಾಕ್ಟರಿನ ಕೆಳಗೆ ತೂರಿಕೊಂಡ. ಮತ್ತೆ ಮುನೀಫನ ಆ ಕೈ, ತೋಳು ಮಡಚಿದ ಅಂಗಿ, ನರ ಎದ್ದ ಮುಂಗೈ. ಮಾರ್ಲಿಸ್ ತಿವಿಯುವುದನ್ನು ನಿಲ್ಲಿಸಿದ್ದಾಳೆ, ಅದು ತಿವಿದದ್ದಕ್ಕಿಂತ ಕೆಟ್ಟದು, ಓರಿನ್ ಎದ್ದಿದ್ದಾನೆ, ಹತ್ತು ಹೆಜ್ಜೆ, ಮೇಜು ಗುರ್ ಎಂದು ಅವನೆತ್ತರಕ್ಕೆ ಏರುತ್ತಿದೆ, ಅಮ್ಮ ಆಗಲೇ ಕರ್ಚೀಫು ತೆಗೆದಿದ್ದಾಳೆ, ನನಗೆ ಗೊತ್ತು, ಎನ್ನುತ್ತದೆ ಬಾಯಿ, ಇಪ್ಪತ್ತು ವರ್ಷದ ಅಭ್ಯಾಸ, ಮುಂದಿನದೂ ನಾಲಿಗೆಯ ತುದಿಯಲ್ಲೇ ಇದೆ, ನನಗೆ ಗೊತ್ತು — ಯಾಕಜ್ಜ ಕೈ ತೊಳೀತೀರಿ, ಇದು ನಿಮ್ಮ ಪುಸ್ತಕ ಅಲ್ವಲ್ಲ — ದೇವರದ್ದು ಅಂತ ನೀನೇ ಅಂದ್ಯಲ್ಲೋ — ಹೋಲ್ಡನ್ ಗಡಿಯಾರ ನೋಡುತ್ತಾನೆ, ಗೊತ್ತು, ಇಷ್ಟು ಗೊತ್ತು, ಮೊಣಕೈಯಿಂದ ಇಳಿಯುವ ನೀರು, ಬೆರಳು ಬೆರಳಿನ ಸಂದು ಒರೆಸಿ ಪುಸ್ತಕಕ್ಕೆಂದು ಮುಂದೆ ಚಾಚಿದ ಎರಡು ಖಾಲಿ ಕೈ