ಎಂಜಿನ್ನಿನ ಸೋಮವಾರ

ಕದರಯ್ಯನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಸುತ್ತಿ ಬಳಸಿ ಮಾತಾಡುವುದು ತಪ್ಪುತ್ತದೆ. ಅವನಿಗೆ ಓದು ಬರಹ ಬಾರದು, ನಾನು ಇಂಟರ್‌ಮೀಡಿಯೆಟ್ ಪಾಸಾದವನು. ನ್ಯಾಯವಾಗಿ ಹೊಟ್ಟೆಕಿಚ್ಚು ಪಡಬೇಕಾದವನು ಅವನು. ಆ ಪುಣ್ಯಾತ್ಮನಿಗೆ ಅದೂ ಬರುತ್ತಿರಲಿಲ್ಲ.

ಐವತ್ತೆಂಟನೇ ಇಸವಿಯಲ್ಲಿ ನಾನು ತುಮಕೂರಿನ ಬಿ.ಎಚ್. ರಸ್ತೆಯ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಬಾವಿಯ ನೀರೆತ್ತುವ ಡೀಸೆಲ್ ಎಂಜಿನ್ನುಗಳನ್ನು ಸುತ್ತಲ ರೈತರಿಗೆ ಮಾರುತ್ತಿದ್ದೆವು. ಪ್ರತಿ ಎಂಜಿನ್ನಿನ ಜೊತೆಗೂ ಒಂದು ಇಂಗ್ಲಿಷ್ ಕೈಪಿಡಿ ಬರುತ್ತಿತ್ತು. ಅದು ಮಕ್ಕಳ ಪಠ್ಯಪುಸ್ತಕಕ್ಕೆ ರಟ್ಟು ಹಾಕುವುದಕ್ಕೆ ಮಾತ್ರ ಉಪಯೋಗವಾಗುತ್ತಿತ್ತು.

"ಅನಂತರಾಮಯ್ಯನೋರೇ, ಇದನ್ನ ನೀವು ಕನ್ನಡಕ್ಕೆ ಮಾಡಿ. ಅಚ್ಚು ಹಾಕಿಸೋಣ. ರಟ್ಟಿನ ಮೇಲೆ ನಿಮ್ಮ ಹೆಸರೂ ಹಾಕಿಸ್ತೀನಿ" ಎಂದರು ಅಂಗಡಿಯ ಮಾಲೀಕರಾದ ಶಿವರಾಮಯ್ಯನವರು.

ಆ ಕೊನೆಯ ಮಾತಿಗೆ ನಾನು ಬಿದ್ದೆ. ನಾಲ್ಕು ತಿಂಗಳು ಕೂತು ಬರೆದೆ. ಅಂಗಡಿಯ ಹಿಂದೆ ಒಂದು ಎಂಜಿನ್ ಬಿಚ್ಚಿಸಿ, ಒಂದೊಂದು ಭಾಗವನ್ನೂ ಕೈಯಲ್ಲಿ ಹಿಡಿದು ನೋಡಿ ಬರೆದೆ. ಕೊನೆಗೆ ಮೂವತ್ತೆರಡು ಪುಟದ 'ಎಂಜಿನ್ ಚಾಲನೆ ಮತ್ತು ಪಾಲನೆ' ಅಚ್ಚಾಗಿ ಬಂತು. ಕೊನೆಯ ಪುಟದಲ್ಲಿ ನಾನು ನೋಡಿಕೊಂಡ ಎರಡು ಇಂಗ್ಲಿಷ್ ಪುಸ್ತಕಗಳ ಹೆಸರನ್ನು ಪುಟಸಂಖ್ಯೆ ಸಮೇತ ಹಾಕಿದ್ದೆ. ನನ್ನ ಹೆಂಡತಿ ಕಮಲಾಕ್ಷಮ್ಮ ಒಂದೇ ಸಲಕ್ಕೆ ಪೂರ್ತಿ ಓದಿ, "ಇದನ್ನ ಓದಿದ್ರೆ ನಾನೂ ಎಂಜಿನ್ ಓಡಿಸಬಹುದು ಕಣ್ರೀ" ಎಂದಳು. ಇನ್ನು ನನಗೆ ಬೇಕಾದದ್ದು ಒಂದೇ ಒಂದು ಮಾತು. ಯಾರಾದರೂ ಒಬ್ಬ ರೈತ ಇನ್ನೊಬ್ಬನಿಗೆ 'ಪುಸ್ತಕದಲ್ಲಿ ಹೀಗಿದೆ' ಎನ್ನಬೇಕು, ಅದನ್ನು ನಾನು ಕಿವಿಯಾರೆ ಕೇಳಬೇಕು.

ಮೂರು ವರ್ಷ ಕಾದೆ. ಗುಬ್ಬಿಗೆ ಹೋದರೂ ಕುಣಿಗಲ್ಲಿಗೆ ಹೋದರೂ ಕಿವಿಗೆ ಬೀಳುತ್ತಿದ್ದ ಮಾತು ಇನ್ನೊಂದು: "ಕದರಯ್ಯ ಹೇಳವ್ನೆ."

ಕದರಯ್ಯ ಗುಬ್ಬಿಯವನು. ಅಂಗಡಿಯ ಪರವಾಗಿ ಊರೂರಿಗೆ ಹೋಗಿ ಎಂಜಿನ್ ಕೂರಿಸಿ ಬರುತ್ತಿದ್ದ. ಅದಕ್ಕೆ ಮೊದಲು ಬಾವಿಯ ಮೇಲೆ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದವನು. ಎತ್ತು ಬಿಟ್ಟು ಎಂಜಿನ್ನಿಗೆ ಬಂದರೂ ಅವನ ಕೈಯ ರೀತಿ ಬದಲಾಗಿರಲಿಲ್ಲ. ಎಂಜಿನ್ನಿನ ಬೆನ್ನು ತಟ್ಟಿ ಮಾತಾಡಿಸುತ್ತಿದ್ದ. ಜನ ಅವನಿಗೆ ಎಳನೀರು ಕೆತ್ತಿ ಕೊಡುತ್ತಿದ್ದರು. ನನ್ನನ್ನು "ಅಂಗಡಿಯೋರು" ಅನ್ನುತ್ತಿದ್ದರು.

ಒಮ್ಮೆ ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿ ಅಡವಿಯಪ್ಪ ಎಂಬ ರೈತನ ಎಂಜಿನ್ ನಿಂತುಹೋಯಿತು. ಕದರಯ್ಯನ ಜೊತೆ ನಾನೂ ಹೊರಟೆ. ನೋಡಿದರೆ ಡೀಸೆಲ್ ಸೋಸುವ ಫಿಲ್ಟರ್ ತುಂಬ ಕೊಳೆ.

"ಪುಸ್ತಕ ಕೊಟ್ಟಿದ್ವಲ್ಲ, ಎಲ್ಲಿ?" ಎಂದೆ.

ಅಡವಿಯಪ್ಪ ಕೈಕಾಲು ತೊಳೆದುಕೊಂಡು ಹೋಗಿ ದೇವರ ಗೂಡಿನಿಂದ ತಂದ. ನನ್ನ ಹೆಸರಿನ ಮೇಲೆ ಸರಿಯಾಗಿ ಅರಿಶಿನ ಕುಂಕುಮ ಬಿದ್ದಿತ್ತು. ಒಂದು ಹಾಳೆಯನ್ನೂ ತಿರುವಿರಲಿಲ್ಲ.

"ಮಸಿ ಕೈಯಾಗೆ ಮುಟ್ಟಕ್ಕಾಯ್ತದಾ ಸ್ವಾಮಿ? ಸರಸ್ವತಿ ಅಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಹದಿನಾಲ್ಕನೇ ಪುಟ ತೆಗೆದು, ಎಂಜಿನ್ ಓಡಿದ ಪ್ರತಿ ಐವತ್ತು ಗಂಟೆಗೊಮ್ಮೆ ಫಿಲ್ಟರ್ ತೊಳೆಯತಕ್ಕದ್ದು ಎಂದು ಗಟ್ಟಿಯಾಗಿ ಓದಿದೆ. ಅಡವಿಯಪ್ಪ ಕೇಳಿಸಿಕೊಂಡು, "ಗಂಟೆ ಯಾರು ಎಣಿಸ್ತಾರೆ ಸ್ವಾಮಿ? ನಮ್ಮನೇಲಿ ಗಡಿಯಾರ ಇಲ್ಲ" ಎಂದ.

ಕದರಯ್ಯ ಫಿಲ್ಟರ್ ಉಜ್ಜುತ್ತಲೇ ಕೇಳಿದ. "ಅಡವಿಯಪ್ಪ, ಸೋಮವಾರ ಎತ್ತು ಹೂಡ್ತೀಯಾ?"

"ಶಿವ ಶಿವಾ! ಸೋಮವಾರ ಬಸವಣ್ಣನ ಹೆಗಲ ಮ್ಯಾಲೆ ನೊಗ ಇಡ್ತಾರಾ?"

"ಇದಕ್ಕೂ ಹಂಗೇ ಕಣಪ್ಪ. ಸೋಮವಾರ ಹೂಡ್ಬ್ಯಾಡ. ಎತ್ತಿನ ಮೈ ತೊಳೆಯೋ ಹೊತ್ನಾಗೆ ಇದರದ್ದೂ ಬಿಚ್ಚಿ ಡೀಸೆಲ್‌ನಾಗೆ ತೊಳಿ. ಎಣ್ಣೆ ಎಷ್ಟೈತೆ ನೋಡು. ಮಂಗಳವಾರ ಹೂಡು."

"ಹಂಗನ್ನು ಮತ್ತೆ!" ಎಂದ ಅಡವಿಯಪ್ಪ. ಮುಗಿಯಿತು. ನನ್ನ ನಾಲ್ಕು ತಿಂಗಳ ಕೆಲಸಕ್ಕಿಂತ ಕದರಯ್ಯನ ನಾಲ್ಕು ಮಾತು ಹೆಚ್ಚಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ. ನಲವತ್ತೆಂಟು. ಇನ್ನೊಮ್ಮೆ ಹಾಕಿದೆ. ಆಗಲೂ ನಲವತ್ತೆಂಟೇ, ನನ್ನ ಪುಸ್ತಕದ ಐವತ್ತಕ್ಕೆ ಎರಡೇ ಕಡಿಮೆ. ಪಕ್ಕದಲ್ಲಿ ಕದರಯ್ಯ ಸ್ಪ್ಯಾನರ್ ಚೀಲ ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದ. ಅವನ ಲೆಕ್ಕ ತಪ್ಪಿದ್ದರೆ ನಾನೂ ನಿದ್ದೆ ಮಾಡುತ್ತಿದ್ದೆ.

ಅರವತ್ತೊಂದರಲ್ಲಿ ಪುಸ್ತಕದ ಎರಡನೇ ಅಚ್ಚು ಬಂತು. ಹದಿನಾಲ್ಕನೇ ಪುಟದಲ್ಲಿ ಹೊಸದೊಂದು ವಾಕ್ಯ ಸೇರಿಸಿದ್ದೆ: 'ಸೋಮವಾರ ಎತ್ತುಗಳಿಗೆ ಬಿಡುವು ಕೊಡುವಂತೆ ಎಂಜಿನ್ನಿಗೂ ಕೊಟ್ಟು, ಅಂದು ಫಿಲ್ಟರನ್ನು ತೊಳೆಯತಕ್ಕದ್ದು.' ಶಿವರಾಮಯ್ಯನವರು ಓದಿ, "ಎಂಥಾ ತಲೆ ರೀ ನಿಮ್ಮದು!" ಎಂದರು. ನಾನು ಸುಮ್ಮನೆ ನಕ್ಕೆ. ಕೊನೆಯ ಪುಟದಲ್ಲಿ ಇಂಗ್ಲಿಷ್ ಪುಸ್ತಕಗಳ ಹೆಸರು ಎರಡೇ ಇದ್ದವು. ಕದರಯ್ಯನಿಗೆ ಪುಟಸಂಖ್ಯೆ ಇಲ್ಲವಲ್ಲ, ಅವನನ್ನು ಹೇಗೆ ಹಾಕುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕದ್ದಿದ್ದೆ, ಅದು ನನಗೆ ಗೊತ್ತಿತ್ತು. ಖುಷಿಯೂ ಆಗಿತ್ತು.

ಅದಾದ ಕೆಲವು ತಿಂಗಳಿಗೆ ಬೆಳ್ಳಾವಿಯಲ್ಲಿ ನಿಂಗಮ್ಮ ಎಂಬಾಕೆಯ ತೋಟದಲ್ಲಿ ಹೊಸ ಎಂಜಿನ್ ಕೂರಿಸಿದೆವು. ಸೊಂಟಕ್ಕೆ ಸೆರಗು ಸಿಕ್ಕಿಸಿ ತಾನೇ ಎಂಜಿನ್ ತಿರುಗಿಸಲು ಕಲಿಯುತ್ತಿದ್ದ ಗಟ್ಟಿಗಿತ್ತಿ. ಕದರಯ್ಯ ಸೋಮವಾರದ ಮಾತು ತೆಗೆದ ಕೂಡಲೇ ಸೊಂಟದ ಮೇಲೆ ಕೈಯಿಟ್ಟಳು.

"ಕಬ್ಬಿಣಕ್ಕೆ ಎಂಥ ಸೋಮವಾರನಪ್ಪ? ನಿನ್ ತಲೆಗೆ ಬಂದಿದ್ದೆಲ್ಲ ಹೇಳ್ಬ್ಯಾಡ."

ಕದರಯ್ಯ ತನ್ನ ಚೀಲದಿಂದ ನನ್ನ ಪುಸ್ತಕ ತೆಗೆದ. ಅದರ ತುಂಬ ಎಣ್ಣೆಯ ಕಲೆ, ಬೆರಳಿನ ಗುರುತು. ಹದಿನಾಲ್ಕನೇ ಪುಟದ ಮೂಲೆ ಮಡಿಸಿತ್ತು.

"ನನ್ ಮಾತಲ್ಲ ಕಣಕ್ಕ. ಬುಕ್ನಾಗೆ ಐತೆ. ಬರ್ದೋರೇ ಇಲ್ಲೇ ಅವ್ರೆ, ಕೇಳು."

ಮೂರು ವರ್ಷ ಕಾದ ಮಾತು! ಅದನ್ನು ಹೇಳುವುದಕ್ಕೆ ಮೂರು ತಾಲ್ಲೂಕಿನಲ್ಲಿ ಇವನೊಬ್ಬನೇ ಸಿಕ್ಕನೇ? ನಿಂಗಮ್ಮ ನನ್ನ ಮುಖ ನೋಡಿದಳು. "ಹೌದು" ಎಂದೆ.

ಬಸ್ಸಿಗೆ ಕಾಯುತ್ತ ಹುಣಸೆಮರದ ಕೆಳಗೆ ಕೂತಾಗ ಕದರಯ್ಯ ತಾನಾಗಿಯೇ ಶುರುಮಾಡಿದ. "ನಮ್ಮ ನರಸಿಂಹಮ್ಮ ಆಡ್ಕೋತಿದ್ಲು ಸ್ವಾಮಿ, ಎತ್ತಿನ ಬುದ್ಧಿ ಎಂಜಿನ್ಗೆ ಹಚ್ತಾನೆ ನನ್ ಗಂಡ ಅಂತ. ನಂಗೂ ಒಳಗೊಳಗೇ ಭಯ ಇತ್ತು. ಅಷ್ಟು ಜನಕ್ಕೆ ಹೇಳ್ಬುಟ್ಟಿದೀನಿ, ತಪ್ಪಾದ್ರೆ ಏನ್ ಗತಿ ಅಂತ. ಮೊನ್ನೆ ಒಬ್ರ ಕೈಲಿ ನಿಮ್ ಬುಕ್ಕು ಓದಿಸ್ದೆ. ಓದಿದೋರೂ ಅದನ್ನೇ ಬರ್ದವ್ರೆ ಅಂದ್ಮ್ಯಾಲೆ ನಿದ್ದೆ ಬಂತು ನೋಡಿ."

ಸುಮ್ಮನಿದ್ದಿದ್ದರೆ ಇಬ್ಬರಿಗೂ ಸುಖವಿತ್ತು. ಅವನಿಗೆ ಧೈರ್ಯ, ನನಗೆ ಹೆಸರು. ಆದರೆ ಅವನು ಆ ಪುಸ್ತಕವನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದ. ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ.

"ಕದರಯ್ಯ, ಅದು ನಿನ್ನ ಮಾತೇ ಕಣೋ. ಕೊತ್ತಗೆರೇಲಿ ನೀನು ಹೇಳಿದ್ದನ್ನ ಕೇಳ್ಕೊಂಡು ಬರೆದೆ. ನಿನ್ನ ಹೆಸರು ಹಾಕಲಿಲ್ಲ. ಹೊಟ್ಟೆಕಿಚ್ಚು ಪಟ್ಟೆ."

ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನ ಕೈ ಮಾತ್ರ ನಿಂತಿತು.

"ಹಂಗಾರೆ ನೀವು ನನ್ ಮಾತು ನಂಬ್ಕೊಂಡು ಬರ್ದ್ರಿ. ನಾನು ನಿಮ್ ಬುಕ್ಕು ನಂಬ್ಕೊಂಡು ಹೇಳ್ದೆ" ಎಂದ ನಿಧಾನವಾಗಿ. "ಸರಿಯಾಗಿ ನೋಡ್ದೋರು ಯಾರು ಸ್ವಾಮಿ?"

ನಾನು ಜೇಬಿನಿಂದ ಪೆನ್ಸಿಲ್ ತೆಗೆದು, ಅವನು ಎಂಜಿನ್ ಕೂರಿಸಿದ ಊರುಗಳ ಹೆಸರು ಕೇಳಿ ಬರೆದುಕೊಂಡೆ.

ಮಾರನೆಯ ವಾರದಿಂದ ಇಬ್ಬರೂ ನೋಡಲು ಹೊರಟೆವು. ಅವನು ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಇಡುತ್ತಿದ್ದ, ನಾನು ನೋಡಿ ಬರೆದುಕೊಳ್ಳುತ್ತಿದ್ದೆ. ಎರಡು ತಿಂಗಳಲ್ಲಿ ಹತ್ತೊಂಬತ್ತು ಎಂಜಿನ್ ನೋಡಿದೆವು. ಹದಿನೆಂಟು ಕಡೆ ಸೋಮವಾರ ತೊಳೆದರೆ ಸಾಕಾಗುತ್ತಿತ್ತು. ಊರ್ಡಿಗೆರೆಯ ನರಸಯ್ಯನ ಎಂಜಿನ್ನಿನಲ್ಲಿ ಮಾತ್ರ ಗುರುವಾರಕ್ಕೇ ಕೊಳೆ ಕಟ್ಟುತ್ತಿತ್ತು. ಅವನು ತನ್ನ ತೋಟ ಸಾಲದೆಂದು ಅಣ್ಣನ ತೋಟಕ್ಕೂ ಅದರಿಂದಲೇ ನೀರು ಹಾಯಿಸುತ್ತಿದ್ದ. ಅದನ್ನು ಕಂಡು ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. "ಬರ್ಕೊಳ್ಳಿ ಸ್ವಾಮಿ, ಬರ್ಕೊಳ್ಳಿ" ಎಂದು ಕದರಯ್ಯ ನನಗಿಂತ ಹಿಗ್ಗಿದ.

ಮೂರನೇ ಅಚ್ಚಿನಲ್ಲಿ ಹದಿನಾಲ್ಕನೇ ಪುಟದ ಆ ವಾಕ್ಯದ ಕೆಳಗೆ ಹೀಗೆ ಹಾಕಿಸಿದೆ: 'ಇದು ಗುಬ್ಬಿಯ ಕದರಯ್ಯನವರ ಮಾತು. ಹತ್ತೊಂಬತ್ತು ಎಂಜಿನ್ನುಗಳಲ್ಲಿ ನೋಡಿದ್ದೇವೆ. ಹೆಚ್ಚು ಹೊತ್ತು ಓಡಿಸುವವರು ಗುರುವಾರವೂ ತೊಳೆಯತಕ್ಕದ್ದು.' ಗುರುವಾರದ ಮಾತು ನನ್ನದು. ಅದನ್ನು ಎಲ್ಲಿಯೂ ಬರೆಯಲಿಲ್ಲ.

ಅಚ್ಚಾಗಿ ಬಂದ ಹದಿನೈದು ದಿನಕ್ಕೆ ಗುಬ್ಬಿ ಕಡೆಯ ರೈತನೊಬ್ಬ ಅಂಗಡಿಯ ಮೆಟ್ಟಿಲು ಹತ್ತಿದ.

"ಸ್ವಾಮಿ, ಕದರಯ್ಯನ ಬುಕ್ಕು ಐತಾ?"

ಪುಸ್ತಕ ತೆಗೆದು, ಹೆಸರು ಕಾಣುವ ಹಾಗೆ ಅವನ ಕೈಗಿಟ್ಟೆ. ಅವನಿಗೆ ಅಷ್ಟಿಷ್ಟು ಓದಲು ಬರುತ್ತಿತ್ತು. ರಟ್ಟಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿ, ಅನುಮಾನದಿಂದ ತಲೆಯೆತ್ತಿದ.

"ಇದ್ಯಾರು ಸ್ವಾಮಿ, ಅನಂತರಾಮಯ್ಯ?"

ಹೊಟ್ಟೆಯೊಳಗೆ ಹಳೆಯ ಕಿಚ್ಚು ಒಂದು ಸಲ ಭಗ್ಗೆಂದಿತು.

"ಕದರಯ್ಯ ಹೇಳಿದ್ದನ್ನ ಬರ್ಕೊಂಡೋರು ಕಣಪ್ಪ" ಎಂದೆ.