ಒಂದು ಸೊನ್ನೆ ಕಡಿಮೆ

ಹೊಸ ರಬ್ಬರಿನ ವಾಸನೆ, ಹೌದು, ಹೊಸದೇ, ಹಳೇ ಟೈರು ಹೀಗೆ ಮೂಗಿಗೆ ಅಡರುವುದಿಲ್ಲ, ಯಾರೋ ಬಿಟ್ಟುಹೋಗಿದ್ದು ಕಣೇ, ಅಂಗಡೀಲಿ ಜಾಗ ಖಾಲಿಯಾದ್ರೆ ಸಾಕು ಅಂತ ಅಂಗಡಿಯವನೇ ಕೊಟ್ಟ, ಅಂದರು ಈ ಮನುಷ್ಯ, ಸುಳ್ಳು ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಮದುವೆಯಾದಾಗಿನಿಂದ ಹಾಗೇ ಇದೆ, ಇನ್ನು ಹೋಗುವ ಹಾಗೂ ಕಾಣದು, ಅವಳು ಬಾಗಿಲ ಮುಂದೆ, ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಜೋಡಿ ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕೈಯಿಟ್ಟು ನಿಂತಿದ್ದಾಳೆ, ಹತ್ತಿಲ್ಲ, ಹತ್ತುವ ಮನಸ್ಸೂ ಇಲ್ಲ, ಗಂಡ ಮುಂದಿನ ಹ್ಯಾಂಡಲ್ ಹಿಡಿದುಕೊಂಡು ಕಾಯುತ್ತಿದ್ದಾರೆ, ಅವರ ಮುಖ ಹೇಗಿದೆಯೋ, ಮುಖ ನೋಡಬೇಕೆಂದರೆ ಅವರ ಕಿವಿಯಾಚೆಯ ದೀಪದ ಕಂಬವನ್ನು ನೋಡಬೇಕು, ಕಣ್ಣಿನ ನಡುಭಾಗ ಹೋಗಿ ಎಂಟು ತಿಂಗಳಾಯಿತು, ಅಂಚು ಮಾತ್ರ ಉಳಿದಿದೆ, ನೆಟ್ಟಗೆ ನೋಡಿದ್ದೆಲ್ಲ ಮಾಯ, ಓರೆಯಲ್ಲಿ ಕಂಡಷ್ಟೇ ಲಾಭ — ಆ ಲಾಭದಲ್ಲಿ ಈಗ ಅರ್ಧ ಮೀಸೆ, ಒಂದು ಗಲ್ಲ — ಹೆದರಿದ್ದಾರೆ, ಪಾಪ. ಬೇಡ ಅಂದ್ರೆ ಬೇಡ, ನಾಳೇನೇ ವಾಪಸ್ ಕೊಟ್ಬಿಡ್ತೀನಿ, ಬಲವಂತ ಇಲ್ಲ. ಅವಳು ಹಿಂದಿನ ಹ್ಯಾಂಡಲ್ ತಿರುಗಿಸಿ ನೋಡುತ್ತಾಳೆ, ತಿರುಗುವುದಿಲ್ಲ, ಹಿಡಿದುಕೊಳ್ಳಲಿಕ್ಕಷ್ಟೇ ಇರುವುದಂತೆ, ಗಾಡಿ ತಿರುಗಿಸುವುದೆಲ್ಲ ಮುಂದಿನವರ ಕೆಲಸವಂತೆ, ಅಂದರೆ ತಾನು ಮೂಟೆ, ತಾನು ಕೆಲಸಕ್ಕಿದ್ದ ಬೇಕರಿಗೆ ಬರುವ ಹಿಟ್ಟಿನ ಮೂಟೆಯನ್ನಾದರೂ ಇಳಿಸಿ ಒಳಗಿಡುತ್ತಾರೆ, ಇದು ಊರೆಲ್ಲ ಮೆರವಣಿಗೆ ಹೋಗುವ ಮೂಟೆ.

ಕಣ್ಣು ನೆಟ್ಟಗಿದ್ದಾಗ ಇಬ್ಬರೂ ಸೈಕಲ್ ತುಳಿಯುತ್ತಿದ್ದ ಗುಡ್ಡದ ರಸ್ತೆಯಲ್ಲಿ ಯಾವತ್ತೂ ಮುಂದೆ ಇದ್ದವಳು ತಾನೇ ಅಲ್ಲವೇ, ನೆತ್ತಿಯ ಮೇಲಿನ ಕಲ್ಲುಬೆಂಚಿನಲ್ಲಿ ಕೂತು ನೀರು ಕುಡಿದು ಬೆವರು ಆರಿದ ಮೇಲೆ ಇವರು ಕುಲುಮೆಯ ತಿದಿಯ ಹಾಗೆ ಬುಸುಗುಟ್ಟುತ್ತ ಬರುತ್ತಿದ್ದರು, ಚಕ್ರ ಭಾರ ಆಯ್ತು ಕಣೇ, ಅದಕ್ಕೇ ಹಿಂದೆ ಬಿದ್ದೆ, ಮರುವಾರವೇ ಹೊಸ ಚಕ್ರ ಬಂತು, ಲಿಫ್ಟು ರಿಪೇರಿ ಮಾಡುವ ಇವರ ಒಂದು ತಿಂಗಳ ಸಂಬಳ ಆ ಎರಡು ಚಕ್ರಕ್ಕೆ ಹೋಯಿತು, ಕಡಿಮೆಯಾದದ್ದು ಒಂದು ಬನ್ನಿನ ತೂಕ, ಅವಳೇ ಬೇಕರಿಯ ತಕ್ಕಡಿಗೆ ಹಾಕಿ ನೋಡಿದ್ದಳು, ಆ ಸಂತೋಷಕ್ಕೆ ಇವರು ಅಲ್ಲೇ ನಿಂತು ಎರಡು ಬನ್ನು ತಿಂದರು! ಬೆಲೆ ಕೇಳಿದರೆ ಗಂಟಲು ಸರಿಮಾಡಿಕೊಂಡು ಒಂದು ಸೊನ್ನೆ ನುಂಗಿ ಹೇಳಿದರು, ಅವಳೂ ಸುಮ್ಮನೆ ಅಯ್ಯೋ ಅಷ್ಟೇನಾ ಅಂದಳು, ಯಾಕೆಂದರೆ ತನ್ನ ಹಸಿರು ಸೈಕಲ್ಲಿನ ಬೆಲೆಯಲ್ಲೂ ಒಂದು ಸೊನ್ನೆ ತಾನು ನುಂಗಿದ್ದಳಲ್ಲ, ಮನೆಯಲ್ಲಿ ಇದೊಂದು ಪದ್ಧತಿಯೇ ಆಗಿಹೋಯಿತು, ಇಬ್ಬರಿಗೂ ಗೊತ್ತು, ಇಬ್ಬರೂ ಕೇಳುವುದಿಲ್ಲ, ಅತ್ತೆಗೆ ಮಾತ್ರ ಅದು ಹೇಗೋ ಸೈಕಲ್ಲಿನ ನಿಜ ಬೆಲೆ ತಿಳಿದು, ಅಲ್ಲಾ ಕಣೋ, ಇಷ್ಟು ದುಡ್ಡಿಗೆ ನಾಲ್ಕು ಚಕ್ರದ್ದೇ ಬರ್ತಿತ್ತಲ್ಲೋ, ಎರಡು ಚಕ್ರದ್ದು ತಂದು ಅದನ್ನೂ ಗೋಡೆಗೆ ನೇತು ಹಾಕಿದೀಯಲ್ಲ, ಎಂದು ಹಣೆ ಚಚ್ಚಿಕೊಂಡಿದ್ದರು. ಹಜಾರದ ಗೋಡೆ, ಎರಡು ಕೊಕ್ಕೆ, ಎಡಗಡೆ ಅವರ ಕಪ್ಪು ಸೈಕಲ್, ಬಲಗಡೆ ತನ್ನ ಹಸಿರು. ಕಣ್ಣು ಹೋದ ಮೇಲೆ ಅವಳು ಅಂದಿದ್ದಳು, ರೀ, ನನ್ನದನ್ನ ಮಾರಿಬಿಡಿ, ಅವರು ಅಂದರು, ಗೋಡೆ ಬೋಳು ಬೋಳಾಗುತ್ತೆ ಕಣೇ, ಇರಲಿ ಬಿಡು, ಭಾನುವಾರ ಬಂತೆಂದರೆ ಯಾರೂ ತುಳಿಯದ ಆ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು, ಪುಸ್ ಪುಸ್, ನಿಮ್ಮದನ್ನಾದರೂ ತಗೊಂಡು ಹೋಗಿ ಬನ್ರೀ ಅಂದರೆ ಒಂದು ವಾರ ಪಂಕ್ಚರ್, ಒಂದು ವಾರ ಮಂಡಿ ನೋವು, ಒಂದು ವಾರ ಮೋಡ, ಎಂಥ ಸೋಮಾರಿ ಎಂದುಕೊಂಡಿದ್ದಳು, ಮನಸ್ಸಿನಲ್ಲೇ ಬೈದೂ ಇದ್ದಳು.

ಇಲ್ಲ, ಆಗುವುದಿಲ್ಲ, ಹೇಳಿಬಿಡಬೇಕು, ಕೈಯಲ್ಲಿರುವ ಹೆಲ್ಮೆಟ್ ಒಳಗಿಟ್ಟು ಬಂದು ನೆಟ್ಟಗೆ ಹೇಳಿಬಿಡಬೇಕು, ನಾನು ಮೂಟೆಯಾಗಿ ಕೂರಲ್ಲ ಕಣ್ರೀ, ಒಂದು ನಿಮಿಷ ಇರಿ, ಬಂದೆ, ಎಂದು ಅವಳು ಒಳಗೆ ಬರುತ್ತಾಳೆ, ಹಜಾರದ ತಂಪು, ಎಡಗೈ ಗೋಡೆ ಸವರುತ್ತ, ಹೆಲ್ಮೆಟ್ಟಿನ ಮೊಳೆ ಎಲ್ಲಿ, ಇವರ ಸೈಕಲ್ಲಿನ ಸೀಟು ಸಿಕ್ಕಿದರೆ ಅದರ ಪಕ್ಕದ್ದೇ ಮೊಳೆ, ಸೀಟು ಸಿಗುತ್ತಿಲ್ಲ, ಚಕ್ರ ಸಿಗುತ್ತಿಲ್ಲ, ಬರೀ ಗೋಡೆ, ಸುಣ್ಣ, ಟೈರು ಉಜ್ಜಿ ಉಜ್ಜಿ ನುಣುಪಾದ ಜಾಗ, ಬೆರಳು ಮೇಲೆ ಹೋಗಿ — ಕೊಕ್ಕೆ. ತಣ್ಣಗೆ, ಬಾಗಿ, ಬರಿದಾಗಿ. ಮೂರು ದಿನದಿಂದ ಈ ಗೋಡೆಯ ಮುಂದೆ ಓಡಾಡಿದ್ದಾಳೆ, ಅಲ್ಲಿ ಏನೂ ಕಾಣದಿದ್ದಾಗ, ನೋಡಿದ್ದೆಲ್ಲ ಮಾಯವಾಗುತ್ತದಲ್ಲ, ಇದೂ ಹಾಗೇ, ತೂತು ತನ್ನ ಕಣ್ಣಲ್ಲೇ ಇದೆ ಎಂದುಕೊಂಡು ಮುಂದೆ ಹೋಗಿದ್ದಾಳೆ, ಗೋಡೆ ನಿಜವಾಗಿಯೂ ಖಾಲಿಯಾಗಿರಬಹುದೆಂದು ಒಮ್ಮೆಯೂ ಹೊಳೆಯಲಿಲ್ಲವಲ್ಲ! ಕೈ ಬಲಕ್ಕೆ ಸರಿಸಿದರೆ ಹಸಿರು ಸೈಕಲ್ ಇದೆ, ಟೈರು ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ, ತನ್ನದನ್ನು ಉಳಿಸಿ ಅವರದ್ದನ್ನು ಮಾರಿದ್ದಾರೆ, ಬನ್ನಿನ ತೂಕಕ್ಕೆ ಒಂದು ತಿಂಗಳ ಸಂಬಳ ಸುರಿದ ಆ ಕಪ್ಪು ಸೈಕಲ್ಲನ್ನು, ಮಕ್ಕಳ ಬೆನ್ನು ಒರೆಸುವ ಹಾಗೆ ಒರೆಸುತ್ತಿದ್ದ ಸೈಕಲ್ಲನ್ನು, ಯಾರಿಗೆ ಕೊಟ್ಟರೋ, ಒಂದು ಮಾತಾದರೂ — ವಾಪಸ್ ತಗೊಂಡು ಬನ್ನಿ ಎಂದು ಕೂಗಬೇಕು, ತಂದರೆ ತಾನೇ ಏನು, ಎಂಟು ತಿಂಗಳು ಅದು ಇಲ್ಲೇ ನೇತಾಡುತ್ತಿರಲಿಲ್ಲವೇ, ಪಂಕ್ಚರೂ ಇರಲಿಲ್ಲ, ಮಂಡಿ ನೋವೂ ಇರಲಿಲ್ಲ, ಗುಡ್ಡದ ಮೇಲೆ ಕಾಯುವವಳು ಇಲ್ಲದೆ ಈ ಮನುಷ್ಯ ಯಾರ ಹಿಂದೆ ಹೋಗಬೇಕಿತ್ತು. ದೇವರೇ, ಎಂಥವರ ಕೈಗೆ ನನ್ನನ್ನು ಕೊಟ್ಟೆಯಪ್ಪಾ, ಅಳು ಬರುತ್ತಿದೆ, ಅಳುವುದಕ್ಕೆ ಈ ಕೆಟ್ಟ ಕಣ್ಣೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಹೊರಗೆ ಬೆಲ್ಲು, ಟ್ರಿಣ್, ಹೆದರುತ್ತ ಹೊಡೆದ ಒಂದೇ ಒಂದು ಬೆಲ್ಲು, ಏನಾಯ್ತೇ?

ಏನಿಲ್ಲ, ಬಂದೆ, ಹೆಲ್ಮೆಟ್ ತಲೆಗೇ ಹೋಯಿತು, ಪಟ್ಟಿ ಗದ್ದಕ್ಕೆ ಬಿಗಿಯಾಯಿತು, ಹಿಂದಿನ ಸೀಟು ಅವಳ ಎತ್ತರಕ್ಕೇ ಇದೆ, ಅಳತೆ ಹಸಿರು ಸೈಕಲ್ಲಿನಿಂದ ತೆಗೆದಿರಬೇಕು, ಕಳ್ಳ, ಎಷ್ಟು ಕೊಟ್ರಿ ಇದಕ್ಕೆ, ಅವಳು ಕೇಳುತ್ತಾಳೆ, ಮುಂದೆ ಗಂಟಲು ಸರಿಮಾಡಿಕೊಂಡ ಸದ್ದು, ಎರಡು ಸಾವಿರ ಕಣೇ, ಅಷ್ಟೇ, ಅವಳು ಬೆನ್ನಿಗೆ ಮೆತ್ತಗೆ ಗುದ್ದುತ್ತಾಳೆ, ಜಾಸ್ತಿ ಕೊಟ್ರಿ, ಬಹಳ ಜಾಸ್ತಿ ಕೊಟ್ಬಿಟ್ರಿ ರೀ, ಅವರು ನಗುತ್ತಾರೆ, ಬೆನ್ನು ಅಲುಗಾಡುತ್ತದೆ, ಕಾಲು ಮೇಲೆತ್ತು, ಹ್ಞಾ, ತುಳಿ, ಗಾಡಿ ಒಮ್ಮೆ ಹೊಯ್ದಾಡಿ ನೆಟ್ಟಗಾಯಿತು, ಗಾಳಿ ಬಂತು, ಎಂಟು ತಿಂಗಳ ಮೇಲೆ ಮುಖಕ್ಕೆ ಗಾಳಿ, ಕಾಲಿಗೆ ಹಳೇ ಬಿಸಿ, ಮೂಟೆಯಲ್ಲವಲ್ಲ, ಅರ್ಧ ದೂಡುತ್ತಿರುವುದು ತಾನೇ, ಅರ್ಧಕ್ಕೂ ಜಾಸ್ತಿಯೇ, ಬೇಕರಿ ದಾಟಿತು, ಬೆಂದ ಬ್ರೆಡ್ಡಿನ ವಾಸನೆಯಿಂದ ಗೊತ್ತಾಯಿತು, ತಿರುವು ಬಂದಾಗ ಕೈ ಅಭ್ಯಾಸಬಲದಿಂದ ಹ್ಯಾಂಡಲ್ ತಿರುಗಿಸಲು ಹೋಯಿತು, ಅದು ತಿರುಗಲಿಲ್ಲ, ತಿರುಗದಿದ್ದರೆ ಬಿಡಲಿ, ಅವರು ತಿರುಗಿಸುತ್ತಾರೆ, ಗುಡ್ಡದ ಕಡೆ ಹೋಗೋಣ್ವಾ ಅಂತ ಮುಂದಿನಿಂದ ದನಿ, ಹೂಂ ಅಂದಳೋ ಇಲ್ಲವೋ, ಅವಳು ನೆಟ್ಟಗೆ ಅವರ ಬೆನ್ನನ್ನೇ ನೋಡುತ್ತಿದ್ದಾಳೆ, ಬೆನ್ನು ಮಾಯವಾಗಿದೆ, ರಸ್ತೆ ಮಾಯವಾಗಿದೆ, ನಡುವಿನ ಆ ಬೂದು ಖಾಲಿಯಲ್ಲಿ, ಎಂಟು ತಿಂಗಳಿಂದ ಏನೂ ನಿಲ್ಲದ ಜಾಗದಲ್ಲಿ ಒಂದು ಮಾತ್ರ ನಿಂತಿದೆ, ನೆಟ್ಟಗೆ ನೋಡಿದರೂ ಹೋಗುತ್ತಿಲ್ಲ, ಎಡಗಡೆಯ ಕೊಕ್ಕೆ, ತಣ್ಣಗೆ, ಬಾಗಿ, ಬರಿದಾಗಿ, ಕೊಕ್ಕೆ —