ಎಡಬಾಗಿಲಿನ ಸಂದು

"ಕೆಳಗಿಡು ಅದನ್ನ," ಎಂದು ದೆಲ್ಫೀನಾ ಮೈದುನನ ಕೈಯಲ್ಲಿದ್ದ ಅರವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಯಾಕೆ ಅಂತ ಗೊತ್ತಾಗೋವರೆಗೂ ಅರ ಮುಟ್ಟಿಸೋ ಹಾಗಿಲ್ಲ."

ಗೌದೆನ್ಸಿಯೊ ನಿಟ್ಟುಸಿರು ಬಿಟ್ಟ. "ಯಾಕೆ ಅಂದ್ರೆ ಏನತ್ತಿಗೆ? ಬಾಗಿಲು ಉಜ್ಜುತ್ತೆ, ಅದಕ್ಕೇ ಅರ. ಊಟಕ್ಕೆ ಕೂತಾಗ ನನ್ನ ಹೊಟ್ಟೆ ಮೇಜಿಗೆ ತಾಗಿದ್ರೆ ಯಾಕೆ ಅಂತ ಕೇಳ್ಕೊಂಡು ಕೂರ್ತೀನಾ? ಕುರ್ಚಿ ಹಿಂದಕ್ಕೆ ತಳ್ಕೋತೀನಿ."

"ಹಿಂದಕ್ಕೆ ತಳ್ಳಿದ ಕುರ್ಚಿನ ಮತ್ತೆ ಮುಂದಕ್ಕೆ ಎಳೀಬಹುದು. ಅರ ತಿಂದ ತಗಡನ್ನ ಎಲ್ಲಿಂದ ಎಳೀತೀಯ?"

ಗೌದೆನ್ಸಿಯೊ ಅರವನ್ನು ಬಿಟ್ಟುಕೊಟ್ಟು ಒಲೆಯ ಮೇಲಿನ ಕಾಫಿ ನೋಡಲು ಹೋದ.

ಶೆಡ್ಡಿನ ನಡುವೆ ಕಾರು ಬಣ್ಣಕ್ಕೆ ಮುಂಚೆ ಬಳಿಯುವ ಬೂದು ಅಸ್ತರಿನಲ್ಲಿ ನಿಂತಿತ್ತು. ಐವತ್ತಮೂರನೇ ಇಸವಿಯದು, ಮೇಲೆ ಚಾವಣಿಯಿಲ್ಲದ್ದು. ಇಟಲಿಯ ಇದೇ ತೋರಿನೋ ಊರಿನಲ್ಲಿ, ಇಲ್ಲಿಂದ ಎರಡು ಬೀದಿ ಆಚೆ, ಎಂದೋ ಬಾಗಿಲು ಹಾಕಿದ ಒಂದು ಕಾರ್ಖಾನೆಯಲ್ಲಿ ಸುತ್ತಿಗೆಯಿಂದ ಬಡಿದು ಮಾಡಿದ ಮೈ. ಬಾನೆಟ್ಟು ಕೂತಿತ್ತು, ಡಿಕ್ಕಿಯ ಮುಚ್ಚಳ ಕೂತಿತ್ತು. ಬಲಬಾಗಿಲಿನ ಸುತ್ತ ತೆಳ್ಳನೆಯ ಮರದ ಚಕ್ಕೆಯನ್ನು ಎಲ್ಲಿ ತೂರಿಸಿದರೂ ಒಂದೇ ಬಿಗಿಯಲ್ಲಿ ಜಾರುತ್ತಿತ್ತು. ತಂಟೆ ಇದ್ದದ್ದು ಚಾಲಕ ಕೂರುವ ಎಡಬಾಗಿಲಿನಲ್ಲಿ. ಅಲ್ಲಿ ಸಂದಿನ ಮೇಲ್ತುದಿಗೆ ಚಕ್ಕೆಯ ಜೊತೆಗೆ ಇನ್ನೊಂದು ಚಕ್ಕೆಯೂ ಹಿಡಿಯುವಷ್ಟು ಜಾಗ. ಕೆಳಗಿನ ಹಿಂದಿನ ಮೂಲೆಯಲ್ಲಿ ಒಂದೂ ಹೋಗದು. ಮುಚ್ಚಿದರೆ ಕಿರ್ರೆಂದು ಉಜ್ಜುತ್ತಿತ್ತು. ಕೀಲುಗಳನ್ನು ಬಿಚ್ಚಿ ಹಿಂದೆ ತಗಡಿನ ತುಂಡು ಇಟ್ಟು ನೋಡಿದ್ದಾಗಿತ್ತು, ತೆಗೆದು ನೋಡಿದ್ದಾಗಿತ್ತು. ಮೂಲೆ ಸರಿಮಾಡಿದರೆ ಮುಂಭಾಗ ಮುನಿಸಿಕೊಳ್ಳುತ್ತಿತ್ತು.

ಗಂಡ ಇಲಾರಿಯೊ ತೀರಿಕೊಂಡ ಮೇಲೆ ದೆಲ್ಫೀನಾ ಕೈಗೆತ್ತಿಕೊಂಡ ಮೊದಲ ಇಡೀ ಕಾರು ಇದು. ಇನ್ನು ಆ ಶೆಡ್ಡಿನಲ್ಲಿ ಬಂಪರ್ ತಟ್ಟುವ ಕೆಲಸ ಬಿಟ್ಟು ಬೇರೇನೂ ಆಗುವುದಿಲ್ಲ ಎಂದು ಬೀದಿಯ ಕಾಫಿ ಅಂಗಡಿಯಲ್ಲಿ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಬರುವ ತಿಂಗಳ ಮೊದಲ ಭಾನುವಾರ ಹಳೆ ಕಾರಿನ ಸಂಘದವರು ಬಂದು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಅದೇ ಸಂಘದ ಇನ್ನೂ ಕೆಲವು ಕಾರುಗಳು ಈ ಶೆಡ್ಡಿಗೆ ಬರುತ್ತವೆ. ಇಲ್ಲದಿದ್ದರೆ ಬಂಪರ್ ತಟ್ಟುವುದೇ ಗತಿ. ಅವರು ಮೊದಲು ನೋಡುವುದೇ ಬಾಗಿಲಿನ ಸಂದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಅರ ಹಾಕಲು ಮನಸ್ಸು ಒಪ್ಪುತ್ತಿರಲಿಲ್ಲ. ಹಳೆ ಬಣ್ಣ ಕೆರೆದಾಗ ಅವಳು ಆ ಮೂಲೆಯನ್ನು ನೋಡಿದ್ದಳು. ಅಂಚಿಗೆ ಯಾರೂ ಅರ ಹಾಕಿರಲಿಲ್ಲ, ಬೆಸುಗೆ ಇರಲಿಲ್ಲ. ಬಡಿದವನ ಸುತ್ತಿಗೆಯ ಗುರುತು ಹಾಗೇ ಇತ್ತು. ಬಣ್ಣ ಮಾತ್ರ ಉಗುರಿನಾಕಾರದಲ್ಲಿ ಸವೆದು ತಗಡು ಹೊಳೆಯುತ್ತಿತ್ತು. ಎಂದರೆ ಆಗಲೂ ಉಜ್ಜುತ್ತಿತ್ತು. ಇಷ್ಟು ಚೆಂದದ ಮೈ ಬಡಿದವನು ಉಜ್ಜುವ ಬಾಗಿಲನ್ನು ಹೊರಗೆ ಬಿಟ್ಟದ್ದು ಹೇಗೆ? ಈ ಪ್ರಶ್ನೆ ಅವಳನ್ನು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು.

ಕಾರಿನ ಯಜಮಾನ ಎವಾಸಿಯೊ ಮಧ್ಯಾಹ್ನ ಔಷಧಿ ಅಂಗಡಿ ಮುಚ್ಚಿ ಬಂದ. ಕತ್ತಿಗೆ ಉಣ್ಣೆಯ ವಸ್ತ್ರ ಸುತ್ತಿಕೊಂಡ, ಕಡ್ಡಿಯಂಥ ಮನುಷ್ಯ. ಔಷಧಿ ಮಾರುವವನನ್ನೂ ಆ ಊರಲ್ಲಿ ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ಅಪ್ಪ ಮಾಡಿಸಿಕೊಂಡ ಕಾರು, ಅಪ್ಪ ಸತ್ತ ಮೇಲೆ ಹಳ್ಳಿಯ ಕೊಟ್ಟಿಗೆಯಲ್ಲಿ ಟಾರ್ಪಾಲಿನಡಿ ಬಿದ್ದಿತ್ತು. ಅವನು ಎಡಬಾಗಿಲನ್ನು ತೆಗೆದ, ಮುಚ್ಚಿದ, ಕಿರ್ರೆನ್ನುವುದನ್ನು ಕೇಳಿದ.

"ಇನ್ನೂ ಹೀಗೇ ಇದೆಯಲ್ಲ. ಒಂಚೂರು ತೀಡಿಬಿಟ್ರೆ ಆಗಲ್ವಾ? ಈ ವಾರ ಬಣ್ಣ ಬೀಳದಿದ್ರೆ ಒಣಗೋದು ಯಾವಾಗ?"

"ಕೇಳಿದ್ರಾ ಅತ್ತಿಗೆ?" ಎಂದ ಗೌದೆನ್ಸಿಯೊ ಕಾಫಿ ಬಟ್ಟಲು ಹಿಡಿದುಕೊಂಡೇ.

"ಇವತ್ತೊಂದು ದಿನ ಕೊಡಿ ಡಾಕ್ಟ್ರೇ," ಎಂದಳು ದೆಲ್ಫೀನಾ. "ಸಂಜೆಯೊಳಗೆ ನನಗೆ ತಿಳೀದಿದ್ರೆ ನಾನೇ ತೀಡ್ತೀನಿ."

ಅಷ್ಟರಲ್ಲಿ ಹೊರಗೆ ಹಾರನ್ ಆಯಿತು. ಕ್ಲೇಲಿಯ, ತನ್ನ ಅಳಿಯನ ವ್ಯಾನಿನಲ್ಲಿ ಎರಡು ಸೀಟುಗಳನ್ನು ಹೇರಿಕೊಂಡು ಬಂದಿದ್ದಳು. ಆ ಮುಚ್ಚಿದ ಕಾರ್ಖಾನೆಯಲ್ಲೇ ಹುಡುಗಿಯಾಗಿದ್ದಾಗಿಂದ ಸೀಟು ಹೊಲಿದ ಮುದುಕಿ ಅವಳು. ಬಣ್ಣಕ್ಕೆ ಮುಂಚೆ ಒಮ್ಮೆ ಅಳತೆ ನೋಡಬೇಕೆಂದು ತಂದಿದ್ದಳು.

"ಮೆತ್ತಗೆ ಹಿಡ್ಕೊಳ್ಳೋ ದಢಿಯಾ, ಚರ್ಮ ತರಚತ್ತೆ," ಎಂದು ಗೌದೆನ್ಸಿಯೊನನ್ನು ಗದರಿಸುತ್ತ ಚಾಲಕನ ಸೀಟನ್ನು ಒಳಗೆ ಇಳಿಸಿದಳು. "ಇದು ಸ್ವಲ್ಪ ಭಾರ. ಒಳಗೆ ಆ ಕಡೇದಕ್ಕಿಂತ ಒಂದು ಸಾಲು ಸ್ಪ್ರಿಂಗು ಜಾಸ್ತಿ ಹಾಕಿದಾರೆ. ಹಳೇದು ಹೇಗಿತ್ತೋ ಹಾಗೇ ಇಟ್ಟಿದೀನಿ."

ದೆಲ್ಫೀನಾ ತಲೆಯೆತ್ತಿದಳು. "ಯಾಕೆ ಜಾಸ್ತಿ?"

"ಯಾಕೆ ಅಂದ್ರೆ? ಗಿರಾಕಿ ಭಾರಿ ಆಸಾಮಿ. ಅಂಥೋರಿಗೆ ಹಾಗೇ ಹಾಕ್ತಿದ್ವಿ."

"ಗಿರಾಕಿ ಎಂಥೋನು ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು ಕ್ಲೇಲಿಯಮ್ಮ?"

"ಕಣ್ಣಲ್ಲೇ ನೋಡ್ತಿದ್ವಲ್ಲ! ಬಣ್ಣಕ್ಕೆ ಮುಂಚೆ ಕರೆಸಿ ಕೂರಿಸೋರು. ದರ್ಜಿ ಅಂಗಡೀಲಿ ಕೋಟು ತೊಡಿಸಿ ನೋಡಲ್ವಾ, ಹಾಗೆ. ಕಾಲು ಪೆಡಲಿಗೆ ಸಿಗತ್ತಾ, ಮೊಣಕಾಲು ತಾಗತ್ತಾ ಅಂತ. ಅವನು ಒಳಗೆ ಕೂತಿರೋವಾಗ್ಲೇ ಇಬ್ರು ಹೊರಗಿಂದ ಬಾಗಿಲು ಕೂರಿಸೋರು. ಒಬ್ಬ ಪುಣ್ಯಾತ್ಮನಂತೂ ಕೂತಲ್ಲೇ ಗೊರಕೆ ಹೊಡೆದುಬಿಟ್ಟಿದ್ದ. ಬಾಗಿಲು ಮುಗಿದ್ರೂ ಎಬ್ಬಿಸೋಕೆ ಎಲ್ರಿಗೂ ನಾಚಿಕೆ."

ಕ್ಲೇಲಿಯ ನಗುತ್ತಿದ್ದಳು. ದೆಲ್ಫೀನಾ ನಗಲಿಲ್ಲ. ಅವಳು ಬಗ್ಗಿ ಕಾರಿನ ಹೊಟ್ಟೆಯ ಗೆರೆಯನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಮೇಲೆ ಚಾವಣಿಯಿಲ್ಲದ ಮೈ ಹಗ್ಗದ ಮಂಚದ ಹಾಗೆ. ಯಾರಾದರೂ ಕೂತರೆ ನಡು ಇಳಿಯುತ್ತದೆ. ನಡು ಇಳಿದರೆ ಸಂದಿನ ಮೇಲ್ತುದಿ ಕೂಡುತ್ತದೆ, ಕೆಳಗಿನದು ಬಿಡುತ್ತದೆ. ಇದು ಗೊತ್ತಿದ್ದೇ ಅವಳು ಚಕ್ರದ ಮೇಲೆ ನಿಲ್ಲಿಸಿ, ಎಂಜಿನ್ ಒಳಗಿಳಿಸಿ, ಟ್ಯಾಂಕಿಗೆ ಪೆಟ್ರೋಲು ತುಂಬಿಸಿ ಬಾಗಿಲು ಕೂರಿಸಿದ್ದಳು. ಕೂರುವ ಮನುಷ್ಯನನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಗೌದೆನ್ಸಿಯೊ, ಒಳಗೆ ಕೂತ್ಕೋ."

"ಕಾಫಿ ಕುಡಿದು..."

"ಕಾಫಿ ಸಮೇತ ಕೂತ್ಕೋ."

ಎವಾಸಿಯೊಗೆ ತಮಾಷೆ ಎನಿಸಿತು. "ಆದ್ರೆ ನಮ್ಮಪ್ಪ ದಪ್ಪ ಇರಲಿಲ್ಲ ದೆಲ್ಫೀನಾ. ನನಗಿಂತ ಸಣ್ಣ. ಮನೇಲಿರೋ ಫೋಟೋದಲ್ಲಿ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸತ್ತೆ. ನನಗೆ ಅಪ್ಪ ಅಂದ್ರೆ ನೆನಪಾಗೋದೇ ಎಲುಬು."

ಗೌದೆನ್ಸಿಯೊ ಉಬ್ಬಸ ಪಡುತ್ತ ಸೀಟಿಗೆ ಇಳಿದ. ಸ್ಪ್ರಿಂಗುಗಳು ಗೊಣಗಿದವು. ದೆಲ್ಫೀನಾ ಬಾಗಿಲನ್ನು ಮೆಲ್ಲಗೆ ಮುಚ್ಚಿ ಚಕ್ಕೆ ತೂರಿಸಿದಳು. ಮೇಲ್ತುದಿ ಕೊಂಚ ಕೂಡಿತ್ತು. ಕೆಳಗಿನ ಮೂಲೆಯಲ್ಲಿ ಚಕ್ಕೆಯ ತುದಿ ಹೊಕ್ಕು ನಿಂತಿತು. ಇಡೀ ವಾರ ಹೋಗದಿದ್ದದ್ದು!

"ಸಾಲದು," ಎಂದಳು. ಅವಳ ಕಿವಿ ಕೆಂಪಾಗಿತ್ತು.

"ನಾನು ಸಾಲಲ್ವಾ? ಹುಟ್ಟಿದಾಗಿಂದ ಈ ಮಾತು ಯಾರೂ ಹೇಳಿರಲಿಲ್ಲ ನನಗೆ," ಎಂದ ಗೌದೆನ್ಸಿಯೊ.

ತಗಡನ್ನು ಇಟ್ಟು ಬಡಿಯುವ ಮರಳು ತುಂಬಿದ ಚರ್ಮದ ಚೀಲಗಳು ಮೇಜಿನ ಮೇಲಿದ್ದವು. ದೆಲ್ಫೀನಾ ಒಂದನ್ನು ಹೊತ್ತು ತಂದು ಅವನ ತೊಡೆಯ ಮೇಲಿಟ್ಟಳು. ಚಕ್ಕೆ ಅರ್ಧ ಮೂಲೆ ದಾಟಿತು. ಇನ್ನೊಂದು ಚೀಲವನ್ನು ಎತ್ತಲು ಎವಾಸಿಯೊ ತಾನೇ ಕೈ ಹಾಕಿದ. ಎರಡೂ ತೋಳಲ್ಲಿ ಅಪ್ಪಿಕೊಂಡು ತಂದು ಮೊದಲನೆಯದರ ಪಕ್ಕಕ್ಕಿಟ್ಟ.

ಈ ಸಲ ಚಕ್ಕೆ ಮೇಲಿನಿಂದ ಹೊರಟು, ಹಿಂದಿನ ಅಂಚನ್ನು ಇಳಿದು, ಮೂಲೆ ತಿರುಗಿ, ಕೆಳಗಿನ ಅಂಚಿನಲ್ಲಿ ಮುಂದಿನವರೆಗೂ ಒಂದೇ ಬಿಗಿಯಲ್ಲಿ ಹರಿದುಹೋಯಿತು.

"ಒಳಗಿಂದ ತೆಗೆದು ಮುಚ್ಚು," ಎಂದಳು.

ಗೌದೆನ್ಸಿಯೊ ತೆಗೆದು ಮುಚ್ಚಿದ. ಉಜ್ಜಲಿಲ್ಲ. ಮೆತ್ತನೆಯ ಒಂದೇ ಒಂದು ಸದ್ದು, ಅಷ್ಟೇ.

"ಅಬ್ಬಾ," ಎಂದಳು ಕ್ಲೇಲಿಯ. "ನಿನ್ನನ್ನೂ ಮೀರಿಸಿದ್ನಲ್ಲೋ ಆ ಮನುಷ್ಯ."

ಎವಾಸಿಯೊ ಚೀಲಗಳನ್ನು ನೋಡುತ್ತಿದ್ದ. ಗೌದೆನ್ಸಿಯೊನ ಹೊಟ್ಟೆಯನ್ನು, ಅದರ ಮೇಲಿನ ಆ ಎರಡು ಗುಂಡನೆ ಭಾರಗಳನ್ನು.

"ಅಪ್ಪ ಇಷ್ಟಿದ್ರಾ?" ಎಂದ. ಒಂದು ಚೀಲದ ಮೇಲೆ ಕೈಯಿಟ್ಟು ಮಾತಾಡಿದ. "ಕಾಯಿಲೆ ಬಿದ್ದ ಕಡೇ ಬೇಸಿಗೇಲಿ ಅಪ್ಪ ಒಂದ್ಸಲ ಕರ್ಕೊಂಡು ಹೋಗಿದ್ರು ನನ್ನ. ನಾನು ಪಕ್ಕದ ಸೀಟಲ್ಲಿ ಕೂತಿದ್ದೆ. ಅಪ್ಪ ಒಳಗಿಂದ ಬಾಗಿಲು ಎಳೀತಾರೆ, ಮುಚ್ಚಲ್ಲ. ಎರಡೂ ಕೈಯಲ್ಲಿ ಎತ್ತಿ ಎಳೀತಾರೆ, ಕಿರ್ರ್ ಅನ್ನತ್ತೆ. 'ಇಷ್ಟು ವರ್ಷ ಬೆಣ್ಣೆ ಹಾಗಿತ್ತು, ಈಗ ಕಾರಿಗೆ ವಯಸ್ಸಾಯ್ತು ಮರಿ' ಅಂದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ."

ಒಲೆಯ ಮೇಲೆ ಕಾಫಿ ಉಕ್ಕಿ ಸೀದ ವಾಸನೆ ಬಂತು. ಕ್ಲೇಲಿಯ ಹೋಗಿ ಆರಿಸಿ ಬಂದಳು.

"ಈಗ ಯಾಕೆ ಅಂತ ಗೊತ್ತಾಯ್ತಲ್ಲ ಅತ್ತಿಗೆ," ಎಂದ ಗೌದೆನ್ಸಿಯೊ, ದನಿ ತಗ್ಗಿಸಿ. "ಇನ್ನು ತೀಡಬಹುದಾ?"

ದೆಲ್ಫೀನಾ ಕೈ ಒರೆಸಿಕೊಂಡಳು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಡಾಕ್ಟ್ರೇ, ಕಾರು ನಿಮ್ಮದು. ತೀಡಿದ್ರೆ ನಿಮ್ಮ ಮೈಗೆ ಸರಿಹೋಗತ್ತೆ, ಪರೀಕ್ಷೆಯೋರಿಗೂ ಒಪ್ಪಿಗೆ. ತೀಡದೆ ಬಿಟ್ರೆ ಖಾಲಿ ಕಾರಿನ ಸಂದು ಹೀಗೇ ಬಾಯಿ ಬಿಟ್ಟಿರತ್ತೆ. ಅವರು ಮೊದಲು ಬೆರಳಿಡೋದು ಅಲ್ಲಿಗೇ. ಮಾಡಿದ್ದು ಯಾರು ಅಂತ ಕೇಳ್ತಾರೆ, ನನ್ನ ಹೆಸರು ಹೇಳ್ಬೇಕಾಗತ್ತೆ."

"ಆ ಸಂಘದ ದೊಡ್ಡ ಪರೀಕ್ಷಕನ ಹೊಟ್ಟೆ ನೋಡಿದೀರಾ?" ಎಂದಳು ಕ್ಲೇಲಿಯ. "ಅವನನ್ನೇ ಒಳಗೆ ಕೂರಿಸಿ ಸಂದು ತೋರಿಸಿ."

ಗೌದೆನ್ಸಿಯೊ ನಕ್ಕ. ಎವಾಸಿಯೊ ನಗಲಿಲ್ಲ. "ಸ್ವಲ್ಪ ಇಳೀತೀರಾ?" ಎಂದು ಕೇಳಿದ. ಗೌದೆನ್ಸಿಯೊ ಚೀಲಗಳನ್ನು ಕೊಟ್ಟು ಇಳಿಯುತ್ತಿದ್ದಂತೆ ಕಾರು ಉಸಿರೆಳೆದುಕೊಂಡ ಹಾಗೆ ಮೇಲೆದ್ದಿತು. ಎವಾಸಿಯೊ ಹತ್ತಿ ಕೂತು ಬಾಗಿಲನ್ನು ಎಳೆದ. ಉಜ್ಜಿತು. ಎರಡೂ ಕೈಯಲ್ಲಿ ಎತ್ತಿ ಎಳೆದ. ಮುಚ್ಚಿಕೊಂಡಿತು.

"ತೀಡಬೇಡಿ," ಎಂದ, ಮುಂದೆ ನೋಡುತ್ತಲೇ. "ಆ ಭಾನುವಾರ ಅವರು ಕೇಳಿದ್ರೆ ನಾನು ಹೇಳ್ತೀನಿ. ಒಪ್ಪದಿದ್ರೆ..."

"ಒಪ್ಪದಿದ್ರೆ ನೋಡೋಣ," ಎಂದಳು ದೆಲ್ಫೀನಾ. "ನಾನೂ ಬರ್ತೀನಿ, ಪಕ್ಕದಲ್ಲೇ ನಿಂತಿರ್ತೀನಿ."

ಆಮೇಲೆ ಅವಳು ಬಣ್ಣದವನಿಗೆ ಫೋನು ಮಾಡಲು ಹೋದಳು. ನಾಳೆ ಬೆಳಗ್ಗೆಯೇ ಬರುತ್ತೇನೆ ಎಂದ. ಫೋನಿಟ್ಟು ತಿರುಗಿದರೆ ಎವಾಸಿಯೊ ಇನ್ನೂ ಇಳಿದಿರಲಿಲ್ಲ. ಆ ಅಗಲವಾದ ಸೀಟಿನಲ್ಲಿ, ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಬಿಡುವವನಂತೆ, ಒಂದು ಪಕ್ಕಕ್ಕೆ ಸರಿದು ಕೂತಿದ್ದ.